ಹನ್ನೊಂದು ಡಬ್ಬಿ ಬೂದು

ಕೂತೇ ಮಾತಾಡ್ತೀನಿ, ಅಧ್ಯಕ್ಷರೇ. ಮಂಡಿನೋವು.
ಇಪ್ಪತ್ತೆರಡು ವರ್ಷ ಏಣಿ ಹತ್ತಿಳಿದ ಮಂಡಿ.
ಹೆಸರು ಅಡೆಲಿನೊ ಫ್ರಾಗೋಜೊ. ಇಲಾಖೆ: ಗೋಡೆ.
ಪೋರ್ಟೊ ಊರಿನ ಪೂರ್ವಕ್ಕೆ, ಕಂಪಾನ್ಯಾ ರೈಲುನಿಲ್ದಾಣದಿಂದ
ದೋರೂ ನದಿಯ ಇಳಿಜಾರಿನ ತನಕ
ಯಾರು ಏನೇ ಗೀಚಲಿ, ಅದರ ಕೊನೆಯ ಓದುಗ ನಾನೇ.

ಹಾಳೆಯಲ್ಲಿ ಮೂರು ದಾರಿ ಬರೆದಿಟ್ಟಿದ್ದೀರಿ:
ದಂಡ, ಕ್ಯಾಮೆರಾ, ಆಮೇಲೆ ಮೇಣದಂಥ ಒಂದು ಲೇಪ.
ಅದರ ಮೇಲೆ ಬಣ್ಣ ನಿಲ್ಲೋದಿಲ್ಲವಂತೆ,
ಕೋಸಿನೆಲೆಯ ಮೇಲೆ ಹನಿ ನಿಲ್ಲದ ಹಾಗೆ.
ಇರಬಹುದು. ನಮ್ಮದು ಕಲ್ಲುಗೋಡೆ, ಉಸಿರಾಡುತ್ತೆ.
ಬಾಯಿ ಕಟ್ಟಿದರೆ ಒಳಗೊಳಗೇ ಬೆವರಿ
ಚಕ್ಕೆಚಕ್ಕೆಯಾಗಿ ಉದುರುತ್ತೆ. ಕಂಡಿದ್ದೀನಿ.

ಗೋಡೆಗೂ ಕಿವಿಯಿದೆ, ಮೆಲ್ಲಗೆ ಮಾತಾಡು
ಅಂತಿದ್ದಳು ನನ್ನಜ್ಜಿ. ಆ ಕಾಲ ಹಾಗಿತ್ತು.
ಒಂದು ಏಪ್ರಿಲ್ಲಿನಲ್ಲಿ, ರಾತ್ರೋರಾತ್ರಿ,
ಅದೇ ಗೋಡೆಗಳಿಗೆ ಬಾಯಿ ಬಂತು.
ಅಜ್ಜಿಗೆ ಅಕ್ಷರ ಬರದು. ಒಂಬತ್ತು ವರ್ಷದ ನನ್ನ ಕೈ ಹಿಡಿದು
ಬೀದಿಬೀದಿ ನಿಲ್ಲಿಸಿ ಕೇಳುತ್ತಿದ್ದಳು:
ಏನಂತೆ? ಏನಂತಿದೆ ಇದು?
ನಾನು ಕೂಡಿಸಿ ಕೂಡಿಸಿ ಓದುತ್ತಿದ್ದೆ.
ಶಾಲೆ ಕಲಿಸಿದ್ದಕ್ಕಿಂತ ಹೆಚ್ಚು ಒತ್ತಕ್ಷರ
ಗೋಡೆ ಕಲಿಸಿತು ನನಗೆ.

ಹಾಗಂತ ನಾನು ಹುಡುಗರ ವಕೀಲನಲ್ಲ.
ಬೀಗದಂಗಡಿಯ ಎರ್ಮೆಲಿಂದಾ ಗಂಡನ ಪಿಂಚಣಿ ಮುರಿದು
ಸುಣ್ಣ ಹೊಡೆಸಿದ ಮರುದಿನವೇ
ಆಳೆತ್ತರದ ನೇರಳೆ ಹೆಸರು, ಯಾರದೋ.
ಇದು ಕಲೆ ಅಂದ ಪಕ್ಕದ ಕಾಫಿಯಂಗಡಿಯ ಗಡ್ಡದವನು.
ಹೌದಪ್ಪಾ, ಕಲೆಯೇ, ಅಂದಳು ಎರ್ಮೆಲಿಂದಾ.
ಉಜ್ಜಿದರೂ ಹೋಗ್ತಿಲ್ಲ ನೋಡು.

ಇನ್ನು ನನ್ನ ಬೂದು. ಉಗ್ರಾಣದಲ್ಲಿ ಹನ್ನೊಂದು ಡಬ್ಬಿ,
ಹನ್ನೊಂದೂ ಬೂದು, ಒಂದಕ್ಕೊಂದು ಕೂಡೋದಿಲ್ಲ.
ಸೇತುವೆ ಮೇಲಿನ ರೈಲಿಂದ ನೋಡಿದರೆ
ಊರ ತುಂಬ ನಾನೇ ಹಚ್ಚಿದ ತೇಪೆ.
ಒಮ್ಮೆ, ಇನ್ನೂ ಆರದ ಚೌಕದ ಮೂಲೆಯಲ್ಲಿ
ಪೆನ್ಸಿಲಿನಲ್ಲಿ ಸಣ್ಣಗೆ:
'ಥ್ಯಾಂಕ್ಸ್ ಅಂಕಲ್, ಈಗ ನುಣುಪಾಯ್ತು.'
ನಕ್ಕೆ. ಅಳಿಸಿದೆ. ಕೆಲಸ ಕೆಲಸವೇ.

ಮೆಮೊ ವಿಷಯಕ್ಕೆ ಬರ್ತೀನಿ.
ಆ ಶುಕ್ರವಾರ ಕೈಗೆ ಎರಡು ಚೀಟಿ ಬಂದವು.
ಅತಿಥಿಗಳ ಕಾರು ಹೋಗುವ ದಾರಿಯಲ್ಲಿ, ಮುದ್ದಾದ ಕೈಬರಹ:
'ಬಾಡಿಗೆ ಎಂಟುನೂರು. ಸಂಬಳ ಏಳುನೂರರವತ್ತು.'
ತಕ್ಷಣ ಅಳಿಸಿ, ಅಂತಿತ್ತು ಚೀಟಿ.
ಇನ್ನೊಂದು, ಕೇಪ್ ವೆರ್ದೆಯಿಂದ ಬಂದವರ ಮನೆಬಾಗಿಲು.
ಅಲ್ಲಿದ್ದ ಮಾತು ಈ ಕೋಣೆಯಲ್ಲಿ ಆಡಲಾರೆ.
ಅದಕ್ಕೆ: ಸೋಮವಾರ ನೋಡೋಣ.

ನಾನು ಮೊದಲು ಬಾಗಿಲಿಗೆ ಹೋದೆ. ಹೌದು, ನಾನೇ ಹೋದೆ.
ಏಳೂಕಾಲಿಗೆ ಮಗು ಶಾಲೆಗೆ ಹೊರಡುತ್ತೆ, ಎಡ್ನೀಲ್ಸಾ.
ಬಣ್ಣ ಹಸಿಯಿತ್ತು. ಬೆರಳಿಟ್ಟಳು. ಬೆರಳು ಬೂದು.
ಇಲ್ಲಿ ಏನಿತ್ತು? ಕೇಳಲಿಲ್ಲ ಅವಳು.
ಎರಡನೇ ತರಗತಿ. ಚೆನ್ನಾಗಿ ಓದ್ತಾಳಂತೆ.
ನಾನು ಬರುವ ಮೊದಲೇ ಓದಿಯಾಗಿತ್ತು.
ಹಣೆಬರಹ ಅಳಿಸೋಕಾಗಲ್ಲ ಅಂತಾರೆ,
ಗೋಡೆಬರಹ ಅಳಿಸೋಕೂ ಒಂದು ಹೊತ್ತಿದೆ, ಸ್ವಾಮಿ.
ನಾನು ಹತ್ತು ನಿಮಿಷ ತಡ ಮಾಡಿದೆ.
ಮೆಮೊ ಕೊಡೋದಾದರೆ ಅದಕ್ಕೆ ಕೊಡಿ.

ಬಾಡಿಗೆಯ ಸಾಲನ್ನೂ ಅಳಿಸಿದೆ ಆಮೇಲೆ, ಮಧ್ಯಾಹ್ನ.
ಮತ್ತೆ ಬಂತು. ಅಳಿಸಿದೆ. ಮತ್ತೆ.
ನಾಲ್ಕನೇ ಸಲ ಅದೇ ಕೈ, ಅದೇ ಮುದ್ದಾದ ಬಾಗು,
ಅಂಕಿ ಮಾತ್ರ ಬೇರೆ: ಬಾಡಿಗೆ ಎಂಟುನೂರೈವತ್ತು.
ಸಂಬಳ ಹಾಗೇ ಇತ್ತು.

ಲೇಪ ಬೇಕಾದರೆ ತರಿಸಿ, ಬಳಿಯೋನು ನಾನೇ.
ಚೀಟಿಯಲ್ಲಿ ಒಂದು ಗೆರೆ ಮಾತ್ರ ಜಾಸ್ತಿ ಹಾಕಿಸಿ,
ಅಳತೆ, ಬೀದಿ, ಡಬ್ಬಿಯ ನಂಬರಿನ ಮೇಲೆ:
ಏನಂತಿದೆ ಇದು?
ತುಂಬಿ ಕೊಡ್ತೀನಿ. ನನ್ನ ಅಕ್ಷರ ಪರವಾಗಿಲ್ಲ.

ಅಷ್ಟೇ. ಏಣಿ ಹೊರಗೇ ಬಿಟ್ಟು ಬಂದಿದ್ದೀನಿ,
ಯಾರೋ ಅದರ ಮೇಲೂ ಏನೋ ಬರೆದಿರ್ತಾರೆ ಇಷ್ಟೊತ್ತಿಗೆ.